ಬ್ಯಾಡಗಿಯ ಬೋಣಿ ದರ

ಶಂಭುಲಿಂಗ ಸರ್ಕಾರಿ ನೌಕರ ಹೌದೋ ಅಲ್ಲವೋ ಎಂಬುದು ಬ್ಯಾಡಗಿಯಲ್ಲಿ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಸರ್ಕಾರಕ್ಕೂ ಗೊತ್ತಿದ್ದಂತೆ ಕಾಣಲಿಲ್ಲ. ಅದು ಅವನಿಗೆ ಸಂಬಳ ಕೊಡುತ್ತಿರಲಿಲ್ಲ, ಗೌರವಧನ ಕೊಡುತ್ತಿತ್ತು. ಅದರಲ್ಲಿ ಧನದ ಪಾಲು ಎಷ್ಟು ಸಣ್ಣದಿತ್ತೆಂದರೆ, ಉಳಿದದ್ದನ್ನೆಲ್ಲ ಗೌರವ ಎಂದೇ ತಿಳಿದುಕೊಳ್ಳಬೇಕಿತ್ತು. ಶಂಭುಲಿಂಗ ಹಾಗೆಯೇ ತಿಳಿದುಕೊಂಡಿದ್ದ.

ಕೆಲಸ ಇಷ್ಟೆ. ಪ್ರತಿ ಶುಕ್ರವಾರ ಬ್ಯಾಡಗಿ ಪೇಟೆಯಲ್ಲಿ ಗೊತ್ತುಮಾಡಿಕೊಟ್ಟ ಅಂಗಡಿಗಳಿಗೆ ಹೋಗಿ ಅಕ್ಕಿ, ಜೋಳ, ತೊಗರಿಬೇಳೆ, ಸಕ್ಕರೆ, ಎಣ್ಣೆ, ತತ್ತಿ, ಸಾಬೂನು ಇವುಗಳ ಬೆಲೆ ಬರೆದುಕೊಂಡು ಹಾವೇರಿಯ ಕಚೇರಿಗೆ ಮುಟ್ಟಿಸುವುದು. ಹಾವೇರಿಯಿಂದ ಅದು ಬೆಂಗಳೂರಿಗೆ, ಅಲ್ಲಿಂದ ದೆಹಲಿಗೆ ಹೋಗಿ, ಇಡೀ ದೇಶದ ಬೇಳೆಕಾಳಿನ ಜೊತೆ ಬೆರೆತು, ಬೆಲೆ ಏರಿತೋ ಇಳಿಯಿತೋ ಎಂಬ ಒಂದು ಅಂಕಿಯಾಗಿ ಹೊರಬರುತ್ತಿತ್ತು. ಟಿ.ವಿ.ಯಲ್ಲಿ ಆ ಅಂಕಿ ಬಂದಾಗ ಶಂಭುಲಿಂಗ ಗೋಡೆಗೆ ಒರಗಿದ್ದವನು ನೆಟ್ಟಗೆ ಕೂರುತ್ತಿದ್ದ.

"ನೋಡು, ಅದರಾಗ ನಂದೂ ಒಂದು ಚಿಮಟಿ ಐತಿ" ಎನ್ನುತ್ತಿದ್ದ.

"ಹೌದ್ರಿ, ಉಪ್ಪಿನಷ್ಟು" ಎನ್ನುತ್ತಿದ್ದಳು ಹೆಂಡತಿ ನಾಗಲಕ್ಷ್ಮಿ. ಅದನ್ನು ಅವನು ಹೊಗಳಿಕೆ ಎಂದೇ ನಂಬಿದ್ದ.

ಮೋಟೆಬೆನ್ನೂರ ಹಾದಿಯಲ್ಲಿದ್ದ ಎರಡೆಕರೆ ಹೊಲವನ್ನು ಅವನು ಬೇರೆಯವರಿಗೆ ಉಳಲು ಲಾವಣಿಗೆ ಕೊಟ್ಟುಬಿಟ್ಟಿದ್ದ. ದೇಶದ ಬೆಲೆ ಬರೆಯುವವನು ಎತ್ತಿನ ಬಾಲ ಹಿಡಿದರೆ ಚೆನ್ನಾಗಿ ಕಾಣುವುದಿಲ್ಲವಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ರೆಕ್ಸಿನ್ ಚೀಲ, ಜೇಬಿನಲ್ಲಿ ಎರಡು ಪೆನ್ನು. ಮನೆ ನಡೆಯುತ್ತಿದ್ದುದು ನಾಗಲಕ್ಷ್ಮಿ ಮೆಣಸಿನಕಾಯಿ ಗೋದಾಮಿನಲ್ಲಿ ತೊಟ್ಟು ಮುರಿದು ತರುತ್ತಿದ್ದ ಪಗಾರದ ಮೇಲೆ. ಈ ಸಂಗತಿಯನ್ನು ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ದಿನವಿಡೀ ಮೆಣಸಿನಕಾಯಿಯಲ್ಲಿ ಆಡಿದ ಅವಳ ಬೆರಳು ರಾತ್ರಿ ಉರಿಯುತ್ತಿದ್ದವು. ಅನ್ನವನ್ನು ಚಮಚದಲ್ಲಿ ತಿನ್ನುತ್ತಿದ್ದಳು. "ಏನವಾ ದೊರೆಸಾನಿ" ಎಂದು ಅವನು ಚೇಷ್ಟೆ ಮಾಡುತ್ತಿದ್ದ. ಅವಳೂ ನಗುತ್ತಿದ್ದಳು, ಉಪಾಯವಿಲ್ಲದೆ.

ಇನ್ನು ಅವನ ಕೆಲಸದ ರೀತಿ. ನೇಮಕವಾದ ಮೊದಲ ಶುಕ್ರವಾರ ಹೊಸ ಹುಮ್ಮಸ್ಸಿನಲ್ಲಿ ಶಂಭುಲಿಂಗ ಅಂಗಡಿಗಳು ಬಾಗಿಲು ತೆರೆದು ಪೂಜೆ ಮುಗಿಸುವ ಹೊತ್ತಿಗೇ ಹೋಗಿ ನಿಂತಿದ್ದ. ವಾರವಾರವೂ ಅದೇ ಅಂಗಡಿ, ಅದೇ ವಾರ, ಅದೇ ಹೊತ್ತು ಎಂದು ನಿಯಮವಿತ್ತು. ಹಾಗಾಗಿ ಆ ಹೊತ್ತು ಅಂದಿನಿಂದ ಖಾಯಂ ಆಯಿತು. ಅವನು ಮಾತ್ರ ಆಗಲಿಲ್ಲ.

ಅಂಗಡಿಕಾರರಿಗೆ ಅದು ಎಂಥ ಹೊತ್ತು ಎಂಬುದನ್ನು ಪೇಟೆಯಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ. ಶುಕ್ರವಾರ ಬೆಳಿಗ್ಗೆ ಹೊಸ್ತಿಲಿಗೆ ನೀರು ಹಾಕಿ, ಲಕ್ಷ್ಮಿಯ ಫೋಟೋಕ್ಕೆ ಊದಿನಕಡ್ಡಿ ತೋರಿಸಿ, ತಕ್ಕಡಿಗೆ ಕೈಮುಗಿದು ಕುಳಿತವನ ಕಣ್ಣು ಒಬ್ಬನೇ ಒಬ್ಬನ ಮೇಲಿರುತ್ತದೆ: ಮೊದಲ ಗಿರಾಕಿ. ಅವನದೇ ಬೋಣಿ. ಅವನು ಬೆಲೆ ಕೇಳಿ ಬರಿಗೈಯಲ್ಲಿ ತಿರುಗಿಹೋದರೆ ಆ ದಿನ ಹಾಳು. ಲಾಭ ಬಿಟ್ಟಾದರೂ ಅವನ ಕೈಗೆ ಏನಾದರೂ ಕೊಟ್ಟು ಕಳಿಸಬೇಕು. ಅಂಥ ಗಳಿಗೆಯಲ್ಲಿ ನಮ್ಮ ಶಂಭುಲಿಂಗ ಹೋಗಿ, ಅಂಗಡಿಯಲ್ಲಿದ್ದ ಪ್ರತಿಯೊಂದು ಸಾಮಾನಿನ ಬೆಲೆ ಕೇಳಿ, ಬರೆದುಕೊಂಡು, ಪೆನ್ನು ಜೇಬಿಗಿಟ್ಟು, ನಮಸ್ಕಾರ ಹೇಳಿ ಹೊರಟಿದ್ದ.

ಕಿರಾಣಿ ಅಂಗಡಿಯ ಮೈಲಾರಪ್ಪ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಜಿಗಿದೇ ಬಂದ.

"ಏ ಸಾಹೇಬ್ರ, ಬೋಣಿ ಹೊತ್ತಿಗೆ ಬಂದು ರೇಟ್ ಕೇಳಿ ಬರಿಗೈಲೆ ಹೊಂಟ್ರ ನನ್ನ ದಿನಾ ಹೆಂಗ ಹೋಗಬೇಕ್ರಿ? ಏನರ ಒಂದು ತಗೋರಿ. ಬೇಕಾರ ನಾಕು ರೂಪಾಯಿ ಕಮ್ಮಿ ಕೊಡ್ರಿ, ಖರೇ ಒಯ್ರಿ."

ಶಂಭುಲಿಂಗ ಕಾಲು ಕಿಲೋ ತೊಗರಿಬೇಳೆ ಒಯ್ದ, ಮೈಲಾರಪ್ಪ ಇಳಿಸಿ ಕೊಟ್ಟ ದರಕ್ಕೆ. ನಿಯಮದ ಪುಸ್ತಕದಲ್ಲಿ ಸ್ಪಷ್ಟವಾಗಿ ಇತ್ತು: ಅಂಗಡಿಯವನು ಬಾಯಲ್ಲಿ ಹೇಳುವ ದರ ಬೇಡ, ಗಿರಾಕಿ ನಿಜವಾಗಿ ಕೊಟ್ಟ ದರ ಬರೆಯಿರಿ. ಅವನು ಮೊದಲು ಬರೆದದ್ದನ್ನು ಹೊಡೆದುಹಾಕಿ, ತಾನು ನಿಜವಾಗಿ ಕೊಟ್ಟ ದರ ಬರೆದ. ಮುಂದಿನ ವಾರ ಮೈಲಾರಪ್ಪ ತಂಟೆಯೇ ಬೇಡವೆಂದು ಎಲ್ಲ ಸಾಮಾನಿನ ದರವನ್ನೂ ಮೊದಲೇ ಇಳಿಸಿ ಹೇಳಿದ. ಯಾವುದನ್ನಾದರೂ ಒಯ್ಯಲಿ, ಲಗೂ ಒಯ್ಯಲಿ. ತತ್ತಿ ಮಾರುವ ರಸೂಲಬಿ, ಎಣ್ಣೆ ಅಂಗಡಿಯವರು, ಸಾಬೂನಿನವರು, ಆ ಹೊತ್ತಿಗೆ ಇನ್ನೂ ಬೋಣಿಯಾಗದ ಎಲ್ಲರೂ ಅದೇ ದಾರಿ ಹಿಡಿದರು; ಪೇಟೆಯಲ್ಲಿ ಬೆಲೆ ಏರಿದರೂ ಬೋಣಿ ಹೊತ್ತಿನಲ್ಲಿ ವಾದ ಬೇಡವೆಂದು ಅವನಿಗೆ ಹಳೆಯ ದರವನ್ನೇ ಹೇಳತೊಡಗಿದರು. ಹೀಗೆ ಭಾರತ ಸರ್ಕಾರದ ದಾಖಲೆಯಲ್ಲಿ ಬ್ಯಾಡಗಿ ಎಂಬ ಊರಿನಲ್ಲಿ ದಿನವಿಡೀ ಬೋಣಿಯೇ ನಡೆಯತೊಡಗಿತು.

ಶುಕ್ರವಾರ ಮನೆಗೆ ಬಂದು ಪೊಟ್ಟಣಗಳನ್ನು ಒಂದೊಂದಾಗಿ ತೆಗೆದಿಡುವಾಗ ಶಂಭುಲಿಂಗನ ಮುಖ ನೋಡಬೇಕಿತ್ತು. "ಬೇಳಿ ಎಷ್ಟಕ್ಕ ಕೊಟ್ಟಾನ ಗೊತ್ತೈತೇನು? ನೀ ಮಂಗಳವಾರ ಎಷ್ಟಕ್ಕ ತಂದಿದ್ದಿ? ನಿನಗ ಪ್ಯಾಟಿ ಮಂದಿ ಜೋಡಿ ವ್ಯವಹಾರ ಮಾಡಾಕ ಬರೂದಿಲ್ಲ ಬಿಡು." ನಾಗಲಕ್ಷ್ಮಿ ನಂಬಿಬಿಟ್ಟಿದ್ದಳು. ತನಗೆ ಚೌಕಾಸಿ ಬರುವುದಿಲ್ಲ, ಗಂಡನಿಗೆ ಬರುತ್ತದೆ. ಬೇರೇನೂ ಬರದಿದ್ದರೂ ಅದೊಂದಾದರೂ ಬರುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದಳು.

ಆ ನಂಬಿಕೆಯೇ ಅವಳನ್ನು ಸಿಕ್ಕಿಸಿತು. ಗೋದಾಮಿನ ಹೆಂಗಸರು ಒಮ್ಮೆ ಪಗಾರ ಹೆಚ್ಚಿಸಿ ಎಂದು ಮೂಟೆಗಳ ಮುಂದೆ ಕೈಕಟ್ಟಿ ಕುಳಿತರು. ಮಾಲೀಕ ವಿಜಯಮಹಾಂತೇಶ ಹುಬ್ಬಳ್ಳಿಯಲ್ಲಿ ವ್ಯವಹಾರಶಾಸ್ತ್ರ ಓದಿ ಬಂದವನು. ಅವನ ತಂದೆಯಾಗಿದ್ದರೆ ಬೈದಾಡಿ ಕೊನೆಗೆ ಎರಡು ರೂಪಾಯಿ ಏರಿಸುತ್ತಿದ್ದರು. ಮಗ ಬೈಯಲಿಲ್ಲ, ಎಲ್ಲರಿಗೂ ಚಹಾ ತರಿಸಿದ.

"ವರ್ಷಾ ವರ್ಷಾ ಜಗಳ ಯಾಕ್ರವಾ? ವೈಜ್ಞಾನಿಕವಾಗಿ ಮಾಡೂಣು. ಬ್ಯಾಡಗ್ಯಾಗ ಬೆಲಿ ಎಷ್ಟು ಏರೇತಿ ಅಂತ ಸರ್ಕಾರ ಅಂಕಿ ಕೊಡತೈತಿ. ಅದು ಎಷ್ಟು ಏರತೈತೋ ನಿಮ್ಮ ಪಗಾರಾನೂ ಅಷ್ಟ ಏರಲಿ" ಎಂದ.

ಹೆಂಗಸರು ಅನುಮಾನದಿಂದ ಮುಖ ಮುಖ ನೋಡಿಕೊಂಡರು. ಆಗ ಎದ್ದು ನಿಂತವಳು ನಾಗಲಕ್ಷ್ಮಿ. "ಆ ಅಂಕಿ ಬರಿಯಾವ್ರು ನಮ್ಮ ಮನಿಯವ್ರು. ಒಂದು ಪೈಸಾ ಆಚಿಗೆ ಈಚಿಗೆ ಬರಿಯಂಗಿಲ್ಲ. ನನ್ನ ಮ್ಯಾಲೆ ಭರವಸಾ ಇಟ್ಟು ಒಪ್ಪಿಗೋರಿ." ಎಲ್ಲರೂ ಒಪ್ಪಿದರು. ಬೆಲೆ ಏರದೆ ಎಲ್ಲಿಗೆ ಹೋದೀತು? ವಿಜಯಮಹಾಂತೇಶ ಮಾತ್ರ ಬ್ಯಾಡಗಿಯ ಹಿಂದಿನ ವರ್ಷಗಳ ಅಂಕಿಗಳನ್ನು ಮೊದಲೇ ತರಿಸಿ ನೋಡಿಕೊಂಡಿದ್ದ. ಓದಿದ್ದು ಹಾಳಾಗಿರಲಿಲ್ಲ. ಅದೇ ಖುಷಿಯಲ್ಲಿ ರಾಣೆಬೆನ್ನೂರಿನ ತನ್ನ ಇನ್ನೊಂದು ಗೋದಾಮಿನಲ್ಲೂ ಅದೇ ಒಪ್ಪಂದ ಮಾಡಿಕೊಂಡ. ಅಲ್ಲಿನ ಅಂಕಿ ನೋಡುವ ತೊಂದರೆ ತೆಗೆದುಕೊಳ್ಳಲಿಲ್ಲ.

ಮುಂದಿನ ವರ್ಷಗಳಲ್ಲಿ ಬೆಲೆ ಏರಿತು. ಎರಡು ಸಾವಿರದ ಒಂಬತ್ತರ ಹೊತ್ತಿಗಂತೂ ತೊಗರಿಬೇಳೆಯನ್ನು ಜನ ಕೊಳ್ಳುತ್ತಿರಲಿಲ್ಲ, ವಿಚಾರಿಸಿಕೊಂಡು ಬರುತ್ತಿದ್ದರು. ಆದರೆ ಸರ್ಕಾರದ ಪ್ರಕಾರ ಬ್ಯಾಡಗಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಿರಲಿಲ್ಲ. ಪಗಾರ ಇದ್ದಲ್ಲೇ ಇತ್ತು. ಯಾರಾದರೂ ಕೇಳಿದರೆ ವಿಜಯಮಹಾಂತೇಶ ವಿನಯದಿಂದ ಅಂಕಿ ತೋರಿಸುತ್ತಿದ್ದ. ಹೆಂಗಸರು ಅಂಕಿಯನ್ನು ಬಿಟ್ಟು ನಾಗಲಕ್ಷ್ಮಿಯ ಕಡೆ ನೋಡುತ್ತಿದ್ದರು. ಪಕ್ಕದಲ್ಲಿ ಕೂತು ತೊಟ್ಟು ಮುರಿಯುತ್ತಿದ್ದ ಹಾಜಿರಾಬಿ ಒಂದು ದಿನ ಕೇಳಿಯೇಬಿಟ್ಟಳು: "ಯಾಕ ಲಕ್ಷ್ಮಕ್ಕ, ನಿನ್ನ ಗಂಡ ಯಾ ಊರಾಗ ಸಂತಿ ಮಾಡ್ತಾನ? ನಮಗೂ ಹೇಳಬಾರದ?" ಎಲ್ಲರೂ ನಕ್ಕರು. ನಾಗಲಕ್ಷ್ಮಿಗೆ ಅಳು ಬಂತು. ಮೆಣಸಿನಕಾಯಿ ಗೋದಾಮಿನಲ್ಲಿ ಕಣ್ಣೀರು ಬಂದರೆ ಕಾರಣ ಹೇಳಬೇಕಾಗಿಲ್ಲ, ಅದೊಂದೇ ಅನುಕೂಲ.

ಅಷ್ಟರಲ್ಲಿ ರಾಣೆಬೆನ್ನೂರಿನ ಗೋದಾಮಿನವರಿಗೆ ಪಗಾರ ಮತ್ತೊಮ್ಮೆ ಏರಿತೆಂಬ ಸುದ್ದಿ ಬಂತು. ಅದೇ ಮಾಲೀಕ, ಅದೇ ಒಪ್ಪಂದ, ಅದೇ ತೊಟ್ಟು. ನಾಗಲಕ್ಷ್ಮಿ ಮನೆಗೆ ಬಂದವಳೇ ಕೇಳಿದಳು: "ಏನ್ರಿ, ರಾಣೆಬೆನ್ನೂರಾಗ ಬೇಳಿ ಬ್ಯಾರೆ ಬೆಳೀತಾವೇನ್ರಿ?"

ಶಂಭುಲಿಂಗನಿಗೆ ಕೂಡಲೇ ಹೊಳೆಯಿತು. ಅಲ್ಲಿ ಬೆಲೆ ಬರೆಯುವ ಗುಡದಪ್ಪ ಕಳ್ಳ! ಬೆಳಗಾದೊಡನೆ ಬಸ್ಸು ಹಿಡಿದು ಹೋಗಿ ಅವನನ್ನು ಮನೆಯಲ್ಲೇ ಹಿಡಿದ. ಗುಡದಪ್ಪ ಪಡಸಾಲೆಯಲ್ಲಿ ಬರೀ ಬನಿಯನ್ನಿನಲ್ಲಿ ಮಲಗಿದ್ದ. ಎದ್ದು ಕೂರುವಷ್ಟು ಸೌಜನ್ಯವನ್ನಂತೂ ತೋರಿಸಿದ.

"ಎಷ್ಟು ಹೊತ್ತಿಗೆ ಪ್ಯಾಟಿಗೆ ಹೋಕ್ಕೀರಿ ನೀವು?"

"ಪ್ಯಾಟಿಗೆ ಯಾಂವ ಹೋಕ್ಕಾನ ಮಾರಾಯಾ, ಅವರು ಕೊಡೂ ರೊಕ್ಕಕ್ಕ? ರಾತ್ರಿ ಉಣ್ಣಾಕ ಕುಂತಾಗ ಮನ್ಯಾಕಿನ್ನ ಕೇಳ್ತೇನಿ, ಬೇಳಿ ಎಷ್ಟಕ್ಕ ತಂದಿ, ಎಣ್ಣಿ ಎಷ್ಟಕ್ಕ ತಂದಿ ಅಂತ. ಬೈಕೋತ ಹೇಳ್ತಾಳ. ಬೈಗಳಾ ಬಿಟ್ಟು ಉಳದದ್ದು ಬರಕೋತೇನಿ."

ಶಂಭುಲಿಂಗನ ಮೈ ಉರಿದುಹೋಯಿತು. ಮನೆಗೆ ಬಂದು ಅಂಗಿ ಬಿಚ್ಚುವ ಮೊದಲೇ ಹೆಂಡತಿಗೆ ವರದಿ ಒಪ್ಪಿಸಿದ. ಹೀಗೆ ನಡೆದರೆ ದೇಶ ಉಳಿಯುತ್ತದೆಯೇ? ಒಬ್ಬ ಸೋಮಾರಿ ಹೆಂಡತಿಯ ಮಾತು ಕೇಳಿ ದೇಶದ ಬೆಲೆ ಬರೆಯುವುದೆಂದರೇನು?

ನಾಗಲಕ್ಷ್ಮಿ ಸೆರಗು ಸರಿಮಾಡಿಕೊಂಡು ಕೈಚೀಲ ತೆಗೆದುಕೊಂಡಳು. "ಎದ್ದೇಳ್ರಿ. ಮೈಲಾರಪ್ಪನ ಅಂಗಡಿಗೆ ಹೋಗಿ ಬರೂಣು. ಬೇಳಿ ಮುಗದೈತಿ. ನೀವ ಚೌಕಾಸಿ ಮಾಡ್ರಿ."

ದೀಪ ಹಚ್ಚುವ ಹೊತ್ತು. ಅಂಗಡಿಯ ಮುಂದೆ ಗಿರಾಕಿಗಳು ಮುಗಿಬಿದ್ದಿದ್ದರು. ಶಂಭುಲಿಂಗ ಎಂದಿನ ಠೀವಿಯಲ್ಲಿ ಬೇಳೆಯ ದರ ಕೇಳಿದ. ಮೈಲಾರಪ್ಪ ತಲೆ ಎತ್ತದೆ ಹೇಳಿದ ದರ ಕೇಳಿ, ಶಂಭುಲಿಂಗ ತನ್ನ ಕಿವಿಯನ್ನೇ ನಂಬಲಿಲ್ಲ.

"ಏ ಮೈಲಾರಪ್ಪ, ನಾ ಶಂಭುಲಿಂಗ! ಮೊನ್ನಿ ಶುಕ್ರವಾರ ಎಷ್ಟಕ್ಕ ಕೊಟ್ಟಿದ್ದಿ?"

"ಅದು ಬೋಣಿ ರೇಟ್ ರೀ ಸಾಹೇಬ್ರ! ಆ ರೇಟಿಗೆ ದಿನಾ ಎಲ್ಲಾರಿಗೂ ಕೊಟ್ರ ನಾ ನಾಳೆ ನಿಮ್ಮ ಮನ್ಯಾಕಿ ಜೋಡಿ ತೊಟ್ಟು ಮುರಿಯಾಕ ಕುಂದರಬೇಕಾಗತೈತಿ."

ಗಿರಾಕಿಗಳು ನಕ್ಕರು. ನಾಗಲಕ್ಷ್ಮಿ ನಗಲಿಲ್ಲ. ಬೇಳೆ ತೂಗಿಸಿಕೊಂಡು, ಹೇಳಿದಷ್ಟು ಕೊಟ್ಟು, ದಾರಿಯುದ್ದಕ್ಕೂ ಅವನಿಗಿಂತ ಮುಂದೆ ನಡೆದು ಬಂದಳು. ಮನೆಯ ಬಾಗಿಲು ಹಾಕಿದ ಮೇಲೆ ಹೇಳಿದಳು: "ಊರಿಗೆಲ್ಲಾ ಒಂದು ರೇಟು, ನಿಮಗೊಂದು ರೇಟು. ನಿಮ್ಮ ರೇಟಿನ ಮ್ಯಾಲೆ ನಮ್ಮ ಪಗಾರ. ಇಷ್ಟು ವರ್ಷ ನನಗ ವ್ಯವಹಾರ ಬರೂದಿಲ್ಲ ಅಂತ ಬೈಸಿಕೊಂಡೆ. ಅವರೆಲ್ಲಾರ ಮುಂದ ನಿಮ್ಮ ಹೆಸರು ಹೇಳಿ ಎದ್ದು ನಿಂತಿದ್ದೆ ನಾನು."

ಶಂಭುಲಿಂಗ ನಿಯಮದ ಪುಸ್ತಕ ತೆಗೆದ. ನಿಜವಾಗಿ ಕೊಟ್ಟ ದರ ಬರೆಯಬೇಕೆಂದಿದೆ, ತಾನು ನಿಜವಾಗಿ ಕೊಟ್ಟದ್ದನ್ನೇ ಬರೆದಿದ್ದೇನೆ ಎಂದು ಓದಿ ತೋರಿಸಿದ. ಪುಸ್ತಕದಲ್ಲಿ ಅವನ ತಪ್ಪು ಒಂದೂ ಇರಲಿಲ್ಲ. ಆದರೂ ಅಂದು ಅವನಿಗೆ ಊಟ ಸೇರಲಿಲ್ಲ. ನಾಚಿಕೆಯಾಗಿತ್ತು, ಅಭ್ಯಾಸವಿಲ್ಲದ್ದರಿಂದ ಅದನ್ನು ಅಜೀರ್ಣ ಎಂದುಕೊಂಡ.

"ಹಾವೇರ್ಯಾಗ ದೊಡ್ಡ ಮೀಟಿಂಗ್ ಐತಿ ಅಂತಿದ್ರಲ್ಲ" ಎಂದಳು ನಾಗಲಕ್ಷ್ಮಿ, "ಅಲ್ಲಿ ಒಂದ ಮಾತು ಹೇಳ್ರಿ. ಮುಂಜಾನೆ ಬ್ಯಾಡ, ಸಂಜಿ ಮುಂದ ಹೋಕ್ಕೇನಿ, ಅಪ್ಪಣೆ ಕೊಡ್ರಿ ಅಂತ. ಇಷ್ಟ ಸಾಕು." ಅವನು ಹೇಳುತ್ತೇನೆಂದು ಮಾತು ಕೊಟ್ಟ.

ಸಭೆ ನಿಜವಾಗಿಯೂ ದೊಡ್ಡದೇ ಇತ್ತು. ದೇಶದ ಅಂಕಿಸಂಖ್ಯೆ ಸೊರಗಿದೆ, ಅದನ್ನು ಗಟ್ಟಿ ಮಾಡಬೇಕು, ಅದಕ್ಕೆ ಕೋಟಿಗಟ್ಟಲೆ ಹಣ ಹಾಕಬೇಕು ಎಂದು ದೆಹಲಿಯಲ್ಲಿ ತೀರ್ಮಾನವಾಗಿತ್ತಂತೆ. ಎಲ್ಲಿ ಹಾಕಬೇಕು, ಯಾವುದಕ್ಕೆ ಮೊದಲು ಹಾಕಬೇಕು ಎಂಬುದು ಗೊತ್ತಾಗದೆ ಜಿಲ್ಲೆಗಳನ್ನು ಕೇಳಲು ಹೊರಟಿದ್ದರು. ಬೆಂಗಳೂರಿನಿಂದ ಶೈಲಾ ಮೇಡಮ್ ಎಂಬ ಅಧಿಕಾರಿ ಬಂದಿದ್ದರು. ಪರದೆಯ ಮೇಲೆ "ಹೂಡಿಕೆಯ ಆದ್ಯತೆಗಳು" ಎಂದು ದೊಡ್ಡ ಅಕ್ಷರದಲ್ಲಿ ಮೂಡಿತ್ತು. ತಟ್ಟೆಯಲ್ಲಿ ಗೋಡಂಬಿ ಬಿಸ್ಕತ್ತು ಇತ್ತು. ಅದರ ಆದ್ಯತೆಯ ಬಗ್ಗೆ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಮಾತು ಶುರುವಾಯಿತು. ಹಾವೇರಿ ಕಚೇರಿಯ ಮುಖ್ಯಸ್ಥರಾದ ಜಿಲ್ಲಾ ಸಾಹೇಬರು ಜೀಪು ಮೊದಲು ಎಂದರು. ಒಬ್ಬರು ಕಂಪ್ಯೂಟರ್ ಎಂದರು. ಕಂಪ್ಯೂಟರಿಗೆ ಧೂಳು ಆಗದು, ಆದ್ದರಿಂದ ತಂಪು ಕೋಣೆ ಎಂದರು ಇನ್ನೊಬ್ಬರು. ತಂಪು ಕೋಣೆಗೆ ಕರೆಂಟು ಬೇಕು, ಹಾವೇರಿಯಲ್ಲಿ ಕರೆಂಟು ಇರುವುದಿಲ್ಲ, ಆದ್ದರಿಂದ ಎಲ್ಲಕ್ಕಿಂತ ಮೊದಲು ಜನರೇಟರ್ ಎಂದು ಮೂರನೆಯವರು ತರ್ಕಬದ್ಧವಾಗಿ ವಾದಿಸಿದರು. ಅಂಕಿಸಂಖ್ಯೆಯನ್ನು ಬೇರೆ ದೇಶಗಳಲ್ಲಿ ಹೇಗೆ ಕೂಡಿಸುತ್ತಾರೆಂದು ನೋಡಿಬರುವ ತರಬೇತಿಯೂ ತುರ್ತಾಗಿ ಬೇಕು, ಅದಕ್ಕೆ ಬೆಂಗಳೂರಿನ ಕೆಲವರು ತ್ಯಾಗಕ್ಕೆ ಸಿದ್ಧರಿದ್ದಾರೆ ಎಂದು ತಿಳಿಯಿತು. ಎರಡನೆಯ ಸ್ಥಾನಕ್ಕೆ ಇಳಿಯಲು ಯಾವ ಬೇಡಿಕೆಯೂ ಒಪ್ಪದ್ದರಿಂದ ಕೊನೆಗೆ ಎಲ್ಲವನ್ನೂ ಮೊದಲ ಆದ್ಯತೆ ಎಂದೇ ಬರೆದುಕೊಳ್ಳಲಾಯಿತು. ಅಂಗಡಿ, ಬೇಳೆ, ಬೆಲೆ ಎಂಬ ಮಾತು ಮಧ್ಯಾಹ್ನದ ಊಟದವರೆಗೂ ಬರಲಿಲ್ಲ. ಊಟದಲ್ಲಿ ಬೇಳೆ ಬಂತು.

ಊಟದ ಮೇಲೆ ಶೈಲಾ ಮೇಡಮ್ ಪರದೆಯ ಮೇಲೆ ಎರಡು ಗೆರೆ ತೋರಿಸಿದರು. ಒಂದು ಗುಡ್ಡ ಹತ್ತಿದಂತೆ ಮೇಲೆ ಮೇಲೆ ಹೋಗಿತ್ತು. ಇನ್ನೊಂದು ಕಟ್ಟೆಯ ಮೇಲೆ ಮಲಗಿದ ಮುದುಕನ ಹಾಗೆ ಅಡ್ಡಾಗಿತ್ತು.

"ಮೇಲಿನದು ರಾಣೆಬೆನ್ನೂರು. ನೋಡಿ, ಹೇಗೆ ಹಾರಾಡ್ತಿದೆ. ಇಂಥ ಅಂಕಿ ಮೇಲೆ ಯಾರು ನಂಬಿಕೆ ಇಡ್ತಾರೆ? ಕೆಳಗಿನದು ಬ್ಯಾಡಗಿ. ದೇಶದಲ್ಲಿ ಇಷ್ಟು ಗದ್ದಲ ಇದ್ರೂ ಒಂಚೂರು ಅಲ್ಲಾಡಿಲ್ಲ. ಗುಣಮಟ್ಟ ಅಂದ್ರೆ ಇದು. ಯಾರ್ರೀ ಬ್ಯಾಡಗಿಯವರು?"

ಶಂಭುಲಿಂಗ ಎದ್ದು ನಿಂತ. ಎಲ್ಲರೂ ಅವನ ಕಡೆ ತಿರುಗಿದರು. ಇಷ್ಟು ಅಧಿಕಾರಿಗಳು ಒಟ್ಟಿಗೆ ಅವನ ಮುಖ ನೋಡಿದ್ದು ಅದೇ ಮೊದಲು. ಆದರೂ ಹೆಂಡತಿಗೆ ಕೊಟ್ಟ ಮಾತು ನೆನಪಿತ್ತು.

"ಮೇಡಮ್, ಒಂದು ವಿನಂತಿ. ಬೆಲೆ ಕೇಳುವ ಹೊತ್ತನ್ನು ಮುಂಜಾನೆಯಿಂದ ಸಂಜೆಗೆ ಬದಲಾಯಿಸಲು ಅಪ್ಪಣೆ ಆಗಬೇಕು."

"ಒಳ್ಳೆ ಸಲಹೆ. ಇದಕ್ಕೆ ಎಷ್ಟು ಹೂಡಿಕೆ ಬೇಕಾಗುತ್ತೆ?"

"ಏನೂ ಬೇಕಾಗಿಲ್ರಿ. ಸಂಜಿ ಮುಂದ ಹೋದ್ರ ಆತ್ರಿ."

ಮೇಡಮ್ ಬರೆಯಲು ಎತ್ತಿದ್ದ ಪೆನ್ನು ಕೆಳಗಿಟ್ಟರು. "ನೋಡಿ, ಇದು ಹೂಡಿಕೆಯ ಆದ್ಯತೆಗಳ ಸಭೆ. ಖರ್ಚೇ ಇಲ್ಲದ್ದನ್ನ ನಾನು ಯಾವ ಕಾಲಮ್ಮಿಗೆ ಹಾಕಲಿ? ಅದೂ ಅಲ್ದೆ ನಿಮ್ಮದು ಇಷ್ಟು ಚೆನ್ನಾಗಿ ನಡೀತಿದೆ, ಯಾಕೆ ಕೆಡಿಸ್ಕೋತೀರಾ?"

ಬೋಣಿಯ ವಿಷಯವನ್ನು ಆಗ ಹೇಳಬೇಕಿತ್ತು. ಬಾಯಿಯವರೆಗೆ ಬಂದಿತ್ತು ಕೂಡ. ಅಷ್ಟರಲ್ಲಿ ಯಾರೋ ಚಪ್ಪಾಳೆ ಹೊಡೆದರು, ಎಲ್ಲರೂ ಹೊಡೆದರು, ಜಿಲ್ಲಾ ಸಾಹೇಬರು ಮುತುವರ್ಜಿಯಿಂದ ಅವನನ್ನು ಮುಂದೆ ಕರೆದರು. ಚಿನ್ನದ ಅಂಚಿನ ಒಂದು ಪ್ರಶಸ್ತಿಪತ್ರ ಅವನ ಕೈಗೆ ಬಂತು: ಅತ್ಯಂತ ಸ್ಥಿರ ಅಂಕಿ ನೀಡಿದ ಕೇಂದ್ರ. ಫೋಟೋ ತೆಗೆದರು. ಶಂಭುಲಿಂಗ ಹಲ್ಲು ಕಿರಿದು ಬಾಯಿ ಮುಚ್ಚಿಕೊಂಡ. ಬ್ಯಾಡಗಿಯಲ್ಲಿ ಎಲ್ಲ ಸರಿಯಾಗಿದ್ದರಿಂದ ಅಲ್ಲಿಗೆ ಏನೂ ಬೇಕಾಗಿಲ್ಲವೆಂದೂ, ರಾಣೆಬೆನ್ನೂರು ಕೆಟ್ಟುಹೋಗಿರುವುದರಿಂದ ಕಂಪ್ಯೂಟರು, ದ್ವಿಚಕ್ರವಾಹನ, ತರಬೇತಿ ಎಲ್ಲ ಮೊದಲು ಅಲ್ಲಿಗೇ ಹೋಗಬೇಕೆಂದೂ ನಿರ್ಣಯವಾಯಿತು. ಹಿಂದಿನ ಸಾಲಿನಲ್ಲಿ ಗುಡದಪ್ಪ ನಿದ್ದೆಯಿಂದ ಎದ್ದು ಧನ್ಯವಾದ ಹೇಳಿದ.

ಮನೆಯಲ್ಲಿ ನಾಗಲಕ್ಷ್ಮಿ ಕಾಯುತ್ತಿದ್ದಳು. "ಹೇಳಿದ್ರೇನ್ರಿ?"

ಅವನು ಪ್ರಶಸ್ತಿಪತ್ರ ಚಾಚಿದ. ಅವಳು ಓದಿದಳು, ನಿಧಾನವಾಗಿ, ಎರಡು ಸಲ. ಬೈಯುತ್ತಾಳೆ ಎಂದುಕೊಂಡಿದ್ದ, ಬೈಯಲಿಲ್ಲ. ಕ್ಯಾಲೆಂಡರಿನ ಪಕ್ಕದ ಮೊಳೆಗೆ ಅದನ್ನು ತಾನೇ ತೂಗುಹಾಕಿ, "ಚಂದ ಐತಿ" ಎಂದು ಒಳಗೆ ಹೋದಳು. ಅವನಿಗೆ ಭಯವಾದದ್ದು ಆಗ.

ಮರು ಶುಕ್ರವಾರ ಅವನು ಏಳುವ ಹೊತ್ತಿಗೆ ನಾಗಲಕ್ಷ್ಮಿ ಮನೆಯಲ್ಲಿರಲಿಲ್ಲ. ಗೋದಾಮಿಗೆ ಬೇಗ ಹೋಗಿರಬೇಕೆಂದುಕೊಂಡು, ಇಸ್ತ್ರಿ ಅಂಗಿ ತೊಟ್ಟು, ಎಂದಿನ ಹೊತ್ತಿಗೆ ಮೈಲಾರಪ್ಪನ ಅಂಗಡಿಗೆ ಹೋದ. ಊದಿನಕಡ್ಡಿಯ ಹೊಗೆ ಇನ್ನೂ ಆಡುತ್ತಿತ್ತು. ಆದರೆ ಮೈಲಾರಪ್ಪ ಎಂದಿನಂತೆ ಗಡಿಬಿಡಿಯಿಂದ ಎದ್ದು ಬರಲಿಲ್ಲ. ಕಾಲ ಮೇಲೆ ಕಾಲು ಹಾಕಿಕೊಂಡು ಆರಾಮಾಗಿ ಬೇಳೆಯ ದರ ಹೇಳಿದ. ಸಂಜೆಯ ದರ.

"ಯಾಕೋ ಮೈಲಾರಪ್ಪ, ಬೋಣಿ ರೇಟ್ ಹೇಳು."

"ಬೋಣಿ ಆತಲ್ರಿ. ನಿಮ್ಮ ಮನಿಯವರ ಬಂದು ಮಾಡಿ ಹೋದ್ರು. ಇನ್ನ ನೀವು ತಗೊಳ್ಳೂದಿದ್ರ ತಗೋರಿ, ಇಲ್ಲಂದ್ರ ಬಿಡ್ರಿ."

ಶಂಭುಲಿಂಗ ತತ್ತಿಯ ಅಂಗಡಿಗೆ ಓಡಿದ. ರಸೂಲಬಿಗೆ ಹಾಜಿರಾಬಿ ಬೋಣಿ ಮಾಡಿ ಹೋಗಿದ್ದಳು. ಎಣ್ಣೆ ಅಂಗಡಿಯಲ್ಲಿ, ಸಾಬೂನಿನಲ್ಲಿ, ಅಕ್ಕಿಯಲ್ಲಿ, ಎಲ್ಲ ಕಡೆ ಗೋದಾಮಿನ ಒಬ್ಬೊಬ್ಬ ಹೆಂಗಸು ಬಾಗಿಲು ತೆರೆಯುವ ಹೊತ್ತಿಗೇ ನಿಂತು, ಬೋಣಿ ದರಕ್ಕೆ ಏನಾದರೊಂದು ಕೊಂಡು ಹೋಗಿದ್ದಳು. ಅವನ ಪಾಲಿಗೆ ಊರಿನವರೆಲ್ಲ ಕೊಡುವ ದರವೊಂದೇ ಉಳಿದಿತ್ತು. ಅವರು ಮಾಡಿದ್ದರಲ್ಲಿ ನಿಯಮಕ್ಕೆ ವಿರುದ್ಧವಾದದ್ದು ಏನೂ ಇರಲಿಲ್ಲ. ಅದೇ ವಾರ, ಅದೇ ಹೊತ್ತು, ಅದೇ ಅಂಗಡಿ.

ಪೇಟೆಯ ಕೊನೆಯ ಕಟ್ಟೆಯ ಮೇಲೆ ಅವನು ಕುಳಿತ. ಹೋದ ವಾರದ ಅಂಕಿಯನ್ನೇ ನಕಲು ಮಾಡಿಬಿಡಬಹುದಿತ್ತು. ಯಾರು ಬಂದು ನೋಡುತ್ತಾರೆ? ಬೆಂಗಳೂರಿಗೆ ಖುಷಿ, ಹಾವೇರಿಗೆ ಖುಷಿ, ವಿಜಯಮಹಾಂತೇಶನಿಗಂತೂ ಹಬ್ಬ. ಎದುರಿನ ರಸ್ತೆಯಲ್ಲಿ ಹೆಂಗಸರು ಗೋದಾಮಿನ ಕಡೆ ಹೊರಟಿದ್ದರು, ಕೈಯಲ್ಲಿ ಒಂದೊಂದು ಪೊಟ್ಟಣ. ನಾಗಲಕ್ಷ್ಮಿ ಅವನನ್ನು ನೋಡಿದಳು. ಕರೆಯಲಿಲ್ಲ, ಸನ್ನೆ ಮಾಡಲಿಲ್ಲ. ಬರೆಯುತ್ತಾನೋ ಇಲ್ಲವೋ ಎಂದು ನಿಂತು ನೋಡಲೂ ಇಲ್ಲ, ಮುಂದೆ ನಡೆದಳು. ಅದು ಅವನಿಗೆ ಚುಚ್ಚಿತು. ಅವನಲ್ಲಿ ಬೇಕಾದಷ್ಟು ದೋಷಗಳಿದ್ದವು, ಜಂಭವಂತೂ ಹೊಲಕ್ಕಿಂತ ದೊಡ್ಡದು. ಆದರೆ ಇಷ್ಟು ವರ್ಷಗಳಲ್ಲಿ ಅಂಗಡಿಯಲ್ಲಿ ಕೇಳದ ದರವನ್ನು ಅವನು ಒಂದು ಸಲವೂ ಬರೆದಿರಲಿಲ್ಲ. ಪೆನ್ನು ತೆಗೆದು ಆ ದಿನ ಕೇಳಿದ್ದನ್ನು ಬರೆದ. ಬರೆಯುತ್ತ ಬರೆಯುತ್ತ ಅವನಿಗೇ ಗಾಬರಿಯಾಯಿತು. ಇಷ್ಟು ತುಟ್ಟಿಯ ಊರಿನಲ್ಲಿ ತಾನು ಬದುಕಿದ್ದೇನೆಂದು ಅವನಿಗೆ ಗೊತ್ತೇ ಇರಲಿಲ್ಲ.

ಹೆಂಗಸರು ಪ್ರತಿ ಶುಕ್ರವಾರ ಪಾಳಿ ಹಚ್ಚಿಕೊಂಡು ಬೋಣಿ ಮಾಡಿದರು. ತಿಂಗಳ ಅಂಕಿ ಬಂದಾಗ ಬ್ಯಾಡಗಿಯ ಗೆರೆ ಮಲಗಿದ್ದಲ್ಲಿಂದ ಎದ್ದು ನಿಂತಿತ್ತು. ಇಷ್ಟು ವರ್ಷ ಸರ್ಕಾರದ ಅಂಕಿಯೆಂದರೆ ದೇವರ ಮಾತು ಎನ್ನುತ್ತಿದ್ದ ವಿಜಯಮಹಾಂತೇಶನಿಗೆ ಥಟ್ಟನೆ ಅದರ ವಿಶ್ವಾಸಾರ್ಹತೆಯ ಬಗ್ಗೆ ಸಂಶಯ ಹುಟ್ಟಿತು. ಕಾರು ತೆಗೆದುಕೊಂಡು ನೇರ ಹಾವೇರಿಗೆ ಹೋದ. ಅಂಕಿ ತಪ್ಪಾಗಿದೆಯೆಂದು ಕಚೇರಿಯವರು ಒಂದು ಸಾಲು ಬರೆದುಕೊಟ್ಟರೆ ಪಗಾರ ಏರಿಸುವ ಅಗತ್ಯವಿರಲಿಲ್ಲ.

ಅಂದು ಸಂಜೆ ಶಂಭುಲಿಂಗನ ಮೊಬೈಲು ರಿಂಗಾಯಿತು. ಜಿಲ್ಲಾ ಸಾಹೇಬರು. ನಾಗಲಕ್ಷ್ಮಿ ಅಲ್ಲೇ ಜೋಳ ಹಸನು ಮಾಡುತ್ತಿದ್ದಳು. ಮೊರದ ಸದ್ದು ನಿಂತಿತು.

"ಶಂಭುಲಿಂಗ, ಏನೋ ಇದು? ಬೆಂಗಳೂರಿಂದ ಮೇಡಮ್ ಫೋನ್ ಮಾಡ್ಯಾರ, ನಿನಗ ಆರಾಮಿಲ್ಲೇನಂತ ಕೇಳಿದ್ರು. ಗೋದಾಮಿನ ಮಾಲಕರು ನನ್ನ ಮುಂದ ಕುಂತಾರ. ಕೈತಪ್ಪಿ ಬರದೇನಿ ಅಂತ ಒಂದ ಮಾತು ಹೇಳಿಬಿಡು, ನಾ ಹಳೇದನ್ನ ಹಾಕಿ ಸರಿ ಮಾಡ್ತೇನಿ. ನಿನ್ನ ಪ್ರಶಸ್ತೀನೂ ಉಳೀತೈತಿ."

ಶಂಭುಲಿಂಗ ಹೆಂಡತಿಯ ಕಡೆ ನೋಡಿದ. ಅವಳು ಮೊರವನ್ನೇ ನೋಡುತ್ತಿದ್ದಳು.

"ಕೈ ತಪ್ಪಿಲ್ರಿ ಸಾಹೇಬ್ರ. ಬೆಲಿ ಏರ್ಯಾವ."

"ಒಂದ ತಿಂಗಳದಾಗ ಇಷ್ಟು ಏರತೈತೇನೋ ಹುಚ್ಚಾ?"

"ಒಂದ ತಿಂಗಳದಾಗ ಏರಿದ್ದಲ್ರಿ. ಬಾಳ ವರ್ಷದ ಹಿಂದ ಏರ್ಯಾವ. ಮನ್ಯಾಗ ದಿನಾ ಹೇಳತಿದ್ರು, ನಾ ಕೇಳಿದ್ದಿಲ್ರಿ."

ಸಾಹೇಬರು ನಿಟ್ಟುಸಿರು ಬಿಟ್ಟು, ಹಾಗಾದರೆ ಬ್ಯಾಡಗಿಯ ಅಂಕಿಯೂ ಕೆಟ್ಟುಹೋಯಿತೆಂದು ಬರೆಯಬೇಕಾಗುತ್ತದೆ ಎಂದರು.

"ಬರೀರಿ ಸಾಹೇಬ್ರ" ಎಂದ ಶಂಭುಲಿಂಗ.

ಬರೆದರು. ಕೆಟ್ಟುಹೋದ ಊರುಗಳ ಪಟ್ಟಿಗೆ ಬ್ಯಾಡಗಿ ಸೇರಿತು, ಮೊದಲ ಆದ್ಯತೆಯಲ್ಲೇ. ಶನಿವಾರ ಪಗಾರ ಹಂಚುವಾಗ ವಿಜಯಮಹಾಂತೇಶ ಯಾರ ಮುಖವನ್ನೂ ನೋಡಲಿಲ್ಲ. ಏರಿದ ಪಗಾರವನ್ನು ಸೆರಗಿಗೆ ಗಂಟು ಹಾಕಿಕೊಂಡು ಹೊರಬಂದ ಹಾಜಿರಾಬಿ ಬಾಗಿಲಲ್ಲೇ ನಿಂತು ನಾಗಲಕ್ಷ್ಮಿಯನ್ನು ತಡೆದಳು.

"ಲಕ್ಷ್ಮಕ್ಕ, ಅಂತೂ ನಿನ್ನ ಗಂಡ ನಮ್ಮೂರಿಗೆ ಬಂದ ನೋಡು" ಎಂದಳು.